ಮೊದಲ ವರ್ಷದ ರೊಕ್ಕ ಕಣ್ಣಿಗೆ ಕಾಣದಿರಲಿ

ತಮ್ಮಾ, ಹಳೆಯದೊಂದು ಮಾರುತಿ 800 ಹಿಡಿದು, ರಜೆಯ ದಿನಗಳಲ್ಲಿ ನಿನ್ನ ಕೈಯಿಂದಲೇ ಅದನ್ನು ತಿದ್ದಿ ನಿಲ್ಲಿಸಬೇಕು ಅಂತ ನೀನು ಹೊರಟಿರುವುದು ಗೊತ್ತಾಯಿತು. ಆ ರೊಕ್ಕಕ್ಕೆ ಒಂದು ಎಮ್ಮೆ ಬರುತ್ತಿತ್ತು ಅಂತ ಮನೆಯಲ್ಲಿ ಅಂದಿರಬಹುದು. ಅವರ ಮಾತಿನಲ್ಲಿ ತಪ್ಪಿಲ್ಲ. ಆದರೂ ನಿನ್ನ ಆಸೆ ಛಲೋ ಆಸೆ ಅಂತಲೇ ನಾನು ಹೇಳುತ್ತೇನೆ. ಪಾನಾ ಹಿಡಿದು ಒಂದು ಯಂತ್ರವನ್ನು ಬಿಚ್ಚಿ, ಅದು ಯಾಕೆ ಹಾಗೆ ನಡೆಯುತ್ತದೆ ಅಂತ ತಿಳಿದು, ತಿರುಗಿ ಜೋಡಿಸಿ ಚಾಲೂ ಮಾಡಿದ ಹುಡುಗ ಮುಂದೆ ಪಂಪ್‌ಸೆಟ್ಟಿಗೂ ಹೆದರುವುದಿಲ್ಲ, ಟ್ರ್ಯಾಕ್ಟರಿಗೂ ಹೆದರುವುದಿಲ್ಲ. ನಮ್ಮ ಊರಿಗೆ ಅಂಥವರು ಬೇಕು.

ಸವದತ್ತಿ, ಯರಗಟ್ಟಿ, ಬೈಲಹೊಂಗಲ ಕಡೆಯ ಗ್ಯಾರೇಜುಗಳ ಹಿಂದೆ ಹೋಗಿ ನೋಡು. ಅರ್ಧಕ್ಕೆ ನಿಂತ ಗಾಡಿಗಳು ಕಾಣುತ್ತವೆ. ಅಗಲ ಗಾಲಿ ಹಾಕಿರುತ್ತಾರೆ, ಡಿಕ್ಕಿಯ ತುಂಬ ಸ್ಪೀಕರ್ ಕೂರಿಸಿರುತ್ತಾರೆ, ಬಾನೆಟ್ ಎತ್ತಿದರೆ ಒಳಗೆ ರೇಡಿಯೇಟರ್ ಸೋರುತ್ತಿರುತ್ತದೆ. ಮಾಡಿದ ಹುಡುಗರು ದಡ್ಡರಲ್ಲ. ರೊಕ್ಕ ಕಡಿಮೆ ಇತ್ತು, ಇದ್ದ ರೊಕ್ಕವೆಲ್ಲ ಮೊದಲು ಕಣ್ಣಿಗೆ ಕಾಣುವ ಕೆಲಸಕ್ಕೆ ಹೋಯಿತು, ಗಾಡಿ ದಾರಿಯಲ್ಲಿ ನಿಂತಾಗ ಜೇಬಿನಲ್ಲಿ ಏನೂ ಉಳಿದಿರಲಿಲ್ಲ. ಅದಕ್ಕೆ ನಿನಗೆ ಹೇಳುವುದು ಒಂದೇ ಮಾತು. ಮೊದಲ ವರ್ಷ ನೀನು ಹಾಕಿದ ರೊಕ್ಕ ಹೊರಗೆ ನಿಂತು ನೋಡುವವನಿಗೆ ಕಾಣಬಾರದು. ಸ್ಟೀರಿಂಗ್ ಹಿಡಿದು ಕೂತ ನಿನಗಷ್ಟೇ ಅದು ಗೊತ್ತಾಗಬೇಕು.

ರೊಕ್ಕದ ಲೆಕ್ಕವನ್ನು ಮೊದಲೇ ಹಾಕಿಡು. ರೂಪಾಯಿಗೆ ಹದಿನಾರಾಣೆ ಅಂತ ಹಿಡಿದರೆ ಗಾಡಿ ಕೊಳ್ಳುವುದಕ್ಕೂ ಕಾಗದಪತ್ರಕ್ಕೂ ಸೇರಿ ಆರಾಣೆ ದಾಟಬೇಡ. ಇನ್ನು ಆರಾಣೆ ಆ ಗಾಡಿಯನ್ನು ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಆ ಸ್ಥಿತಿಗೆ ತರಲು. ಎರಡಾಣೆ ನಿನ್ನ ಮನಸ್ಸಿನ ಆಸೆಗೆ. ಉಳಿದ ಎರಡಾಣೆಯನ್ನು ಅಕ್ಕನ ಕೈಯಲ್ಲಿ ಕೊಟ್ಟುಬಿಡು, ನೀನು ಕೇಳಿದರೂ ಕೊಡಬಾರದು ಅಂತ ಹೇಳಿ. ಹಳೆಯ ಗಾಡಿಯಲ್ಲಿ ಒಂದು ಬೋಲ್ಟ್ ಬಿಚ್ಚಲು ಹೋದರೆ ಅದು ಮುರಿಯುತ್ತದೆ, ಮುರಿದದ್ದನ್ನು ತೆಗೆಯಲು ಲೇಥಿನವನ ಹತ್ತಿರ ಓಡಬೇಕಾಗುತ್ತದೆ. ಆ ಎರಡಾಣೆ ಅಂಥ ದಿನಕ್ಕೆ.

800ನ್ನೇ ಹಿಡಿದದ್ದು ಒಳ್ಳೆಯದಾಯಿತು. 1983ರ ಡಿಸೆಂಬರಿನಲ್ಲಿ ಬಂದ ಗಾಡಿ ಅದು, 2014ರ ಜನವರಿಯವರೆಗೆ ತಯಾರಾಯಿತು. ಮೂವತ್ತು ವರ್ಷ ದೇಶದ ಮೂಲೆಮೂಲೆಯಲ್ಲಿ ಓಡಿದ್ದರಿಂದ ಅದರ ಒಳಗುಟ್ಟು ಗೊತ್ತಿಲ್ಲದ ಮೆಕ್ಯಾನಿಕ್ ಸಿಗುವುದು ಕಷ್ಟ. 796 ಸಿಸಿ, ಮೂರು ಸಿಲಿಂಡರ್, ಸುಮಾರು ಆರುನೂರೈವತ್ತು ಕಿಲೋ ತೂಕ. ಬಾನೆಟ್ ಎತ್ತಿದರೆ ಕೈ ಆಡಿಸಲು ಜಾಗವಿದೆ. ಕಲಿಯುವವನಿಗೆ ಅದು ದೊಡ್ಡ ಅನುಕೂಲ. ಆಯ್ಕೆ ಇದ್ದರೆ 2000ದ ನಂತರದ, ಕಾರ್ಬ್ಯುರೇಟರ್ ಇಲ್ಲದ ಎಂಪಿಎಫ್‌ಐ ಗಾಡಿಯನ್ನು ಹುಡುಕು. ಕಾರ್ಬ್ಯುರೇಟರ್ ಟ್ಯೂನ್ ಮಾಡುವ ಹಳೆಯ ಕೈಗಳು ದಿನದಿನಕ್ಕೆ ಕಡಿಮೆಯಾಗುತ್ತಿವೆ.

ಕೊಳ್ಳುವಾಗ ಬಣ್ಣ ನೋಡಬೇಡ, ನೆಲ ನೋಡು. ಕಾಲಡಿಯ ಮ್ಯಾಟ್ ಎತ್ತಿ, ತಳದ ತಗಡನ್ನು ಸ್ಕ್ರೂಡ್ರೈವರ್ ಹಿಡಿಕೆಯಿಂದ ಬಡಿ. ಗಟ್ಟಿ ತಗಡು ಠಣ್ ಅನ್ನುತ್ತದೆ, ಜಂಗು ತಿಂದದ್ದು ಸತ್ತ ಸಪ್ಪಳ ಕೊಡುತ್ತದೆ. ಬ್ಯಾಟರಿ ಕೂರುವ ತಟ್ಟೆ, ಹಿಂದಿನ ಗಾಲಿಯ ಮೇಲಿನ ಕಮಾನು, ಮುಂದಿನ ಸಸ್ಪೆನ್ಷನ್ ಮೇಲ್ತುದಿ ಬಾಡಿಗೆ ಸೇರುವ ಜಾಗ, ಈ ಮೂರನ್ನು ಬೆಳಕು ಬಿಟ್ಟು ನೋಡು. ಇಂಜಿನ್ ಕೆಟ್ಟರೆ ಮಾಡಿಸಬಹುದು, ಗೇರ್‌ಬಾಕ್ಸ್ ಕೆಟ್ಟರೆ ಇನ್ನೊಂದು ತರಬಹುದು. ಬಾಡಿಯೇ ಕೊಳೆತಿದ್ದರೆ ನಿನ್ನ ಬಜೆಟ್ಟಿನಲ್ಲಿ ಅದಕ್ಕೆ ಔಷಧವಿಲ್ಲ, ನಮಸ್ಕಾರ ಹೇಳಿ ಎದ್ದು ಬಾ.

ನಮ್ಮ ಭಾಗದಲ್ಲಿ ಇನ್ನೊಂದು ಎಚ್ಚರ ಬೇಕು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿಗೂ ರಾಮದುರ್ಗಕ್ಕೂ ನೀರು ನುಗ್ಗಿದ್ದು ನಿನಗೆ ನೆನಪಿರಬೇಕು. ನೀರಿನಲ್ಲಿ ನಿಂತ ಗಾಡಿ ತೊಳೆದು ಪಾಲಿಶ್ ಹೊಡೆಸಿದ ಮೇಲೆ ಹೊಸ ಮದುಮಗನ ಹಾಗೆ ಕಾಣುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡು. ಒಳಗಿನ ಅರ್ಧವನ್ನು ಯಾರೂ ತೊಳೆದಿರುವುದಿಲ್ಲ, ಅಲ್ಲಿ ಕೆಸರಿನ ಗೆರೆ ಸಿಕ್ಕಿಬಿಡುತ್ತದೆ. ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ವೈರಿನ ಕನೆಕ್ಟರ್ ಒಂದನ್ನು ಬಿಚ್ಚು. ಒಳಗೆ ಹಸಿರು ಕಿಲುಬು ಅಥವಾ ಒಣ ಮಣ್ಣು ಇದ್ದರೆ ಆ ಗಾಡಿ ನಿನ್ನನ್ನು ಜೀವನಪೂರ್ತಿ ಎಲೆಕ್ಟ್ರಿಷಿಯನ್ ಬಾಗಿಲಲ್ಲಿ ಕೂರಿಸುತ್ತದೆ.

ಕಾಗದದ ವಿಷಯ. 2014ರ ಜನವರಿಗೆ ತಯಾರಿಕೆ ನಿಂತದ್ದರಿಂದ ನಿನಗೆ ಸಿಗುವ ಹೆಚ್ಚಿನ 800ಗಳ ಹದಿನೈದು ವರ್ಷದ ನೋಂದಣಿ ಮುಗಿದಿರುತ್ತದೆ, ಇಲ್ಲವೇ ಮುಗಿಯಲು ಬಂದಿರುತ್ತದೆ. ಹದಿನೈದು ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲಿನಿಂದ 5,000 ರೂಪಾಯಿ. ಇಪ್ಪತ್ತು ದಾಟಿದ್ದರೆ 2025ರ ಆಗಸ್ಟಿನ ಆದೇಶದಂತೆ 10,000. ಮೇಲೆ ಗ್ರೀನ್ ಟ್ಯಾಕ್ಸ್ ಬೇರೆ. ನವೀಕರಣ ಆಗುವುದು ಐದೇ ವರ್ಷಕ್ಕೆ, ಅದಕ್ಕೆ ಮೊದಲು ಗಾಡಿ ತಪಾಸಣೆಯಲ್ಲಿ ಪಾಸಾಗಬೇಕು. ಮಾರುವವನು "ಕಾಗದ ಆಮೇಲೆ ಮಾಡಿಸಿಕೊಳ್ಳಬಹುದು" ಅಂದರೆ ಈ ಲೆಕ್ಕ ಮಾಡಿ ಬೆಲೆಯಲ್ಲಿ ಕಡಿಸು. ನಿನ್ನ ಹೆಸರಿಗೆ ವರ್ಗಾವಣೆಗೆ ಫಾರಂ 29 ಮತ್ತು 30 ಬೇಕು, ಮೂವತ್ತು ದಿನದೊಳಗೆ ಬೈಲಹೊಂಗಲದ ಆರ್‌ಟಿಒ ಕಚೇರಿಗೆ ಕೊಡು. ಕೊಲ್ಲಾಪುರ, ಗೋವಾ ಗಾಡಿ ಅಗ್ಗ ಅಂತ ತರುವ ಮಂದಿ ಇದ್ದಾರೆ. ಅಲ್ಲಿಯ ಎನ್‌ಒಸಿ, ಇಲ್ಲಿಯ ತೆರಿಗೆ, ಹೊಸ ನಂಬರು ಎಲ್ಲ ಕೂಡಿಸಿದರೆ ಆ ಅಗ್ಗ ಎಲ್ಲಿ ಉಳಿಯುತ್ತದೆ ಅಂತ ಕಾಗದದ ಮೇಲೆ ಬರೆದು ನೋಡು.

ಇನ್ನು ಏನನ್ನು ಬದಲಿಸಬಹುದು, ಏನನ್ನು ಮುಟ್ಟಬಾರದು ಅನ್ನುವುದನ್ನು ಪಾನಾ ಹಿಡಿಯುವ ಮೊದಲೇ ತಿಳಿದುಕೋ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ತಯಾರಕ ಕೊಟ್ಟ ಮೂಲ ವಿವರಕ್ಕೂ ಆರ್‌ಸಿಯಲ್ಲಿ ಬರೆದದ್ದಕ್ಕೂ ಗಾಡಿ ಬೇರೆಯಾಗುವಂತೆ ಅದನ್ನು ಬದಲಿಸಕೂಡದು. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಗಟ್ಟಿ ಮಾಡಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಂ ಬಂತು: ಒಪ್ಪಿಗೆ ಇಲ್ಲದ ಬದಲಾವಣೆ ಒಂದೊಂದಕ್ಕೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಒಂದೊಂದಕ್ಕೂ ಅನ್ನುವುದನ್ನು ಎರಡು ಸಲ ಓದು. ಮಾಡು ಕೊಯ್ದು ಜೀಪಿನ ಹಾಗೆ ಮಾಡುವುದು, ಇಂಜಿನ್ ತೆಗೆದು ಬೇರೆ ಜಾತಿಯದು ಕೂರಿಸುವುದು, ಬಾಡಿ ಕತ್ತರಿಸುವುದು ಇವು ನಿನ್ನ ಪಟ್ಟಿಯಲ್ಲೇ ಬೇಡ. ಗಾಜಿಗೆ ಕರಿ ಫಿಲ್ಮ್ ಅಂಟಿಸುವುದನ್ನು 2012ರಲ್ಲೇ ಸುಪ್ರೀಂ ಕೋರ್ಟು ನಿಲ್ಲಿಸಿದೆ. ಕಾರ್ಖಾನೆಯಿಂದ ಬರುವ ಗಾಜೇ ಮುಂದೆ ಹಿಂದೆ ನೂರಕ್ಕೆ 70, ಪಕ್ಕದಲ್ಲಿ 50ರಷ್ಟು ಬೆಳಕು ಬಿಡಬೇಕು. ಮುಂದಿನ ಕಬ್ಬಿಣದ ಗಾರ್ಡನ್ನು 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಬೇಡವೆಂದಿತು. ಅದು ನಡೆದು ಹೋಗುವವನ ಮೊಣಕಾಲು ಮುರಿಯುತ್ತದೆ, ಒಳಗಿರುವವನಿಗೆ ಹೊಡೆತದ ಪೂರ್ತಿ ಬಲ ದಾಟಿಸುತ್ತದೆ. ಏನೇ ಹೊಸದಾಗಿ ಕೂರಿಸಿದರೂ ವಿಮೆ ಕಂಪನಿಗೆ ಬರೆದು ತಿಳಿಸು. ಅಪಘಾತವಾದ ದಿನ ಅವರು ಮೊದಲು ಕೇಳುವ ಪ್ರಶ್ನೆ ಅದೇ.

ಇಷ್ಟೆಲ್ಲ ಬೇಡ ಅಂದ ಮೇಲೆ ಉಳಿದದ್ದೇನು ಅಂತ ಕೇಳುತ್ತೀಯಾ? ಬಹಳ ಉಳಿದಿದೆ. ಇಪ್ಪತ್ತು ವರ್ಷ ಓಡಿದ 800 ಹೊಸದಿದ್ದಾಗ ಹೇಗೆ ಓಡುತ್ತಿತ್ತು ಅನ್ನುವುದು ನಿನ್ನ ವಯಸ್ಸಿನವರಿಗೆ ಗೊತ್ತಿಲ್ಲ. ಹೆಚ್ಚಿನ ಎಂಪಿಎಫ್‌ಐ 800ಗಳ ಇಂಜಿನ್ 37 ಅಶ್ವಶಕ್ತಿಯದು. ಕಂಪ್ರೆಷನ್ ಇಳಿದು, ಕ್ಲಚ್ ಜಾರಿ, ಗಾಲಿಯ ಬೇರಿಂಗ್ ಬಿಗಿದು, ಬ್ರೇಕ್ ಹಿಡಿದುಕೊಂಡೇ ತಿರುಗುವಾಗ ಅದರಲ್ಲಿ ಎಷ್ಟೋ ಪಾಲು ನೆಲಕ್ಕೆ ಮುಟ್ಟುವುದೇ ಇಲ್ಲ. ಕಳೆದದ್ದನ್ನು ವಾಪಸ್ ತಂದರೆ ಸಿಗುವ ಬಲ, ಹೊಸ ಸೈಲೆನ್ಸರ್ ಮತ್ತು ಫಿಲ್ಟರ್ ಕೊಡುವ ಒಂದೆರಡು ಅಶ್ವಶಕ್ತಿಗಿಂತ ಹೆಚ್ಚು. ಖರ್ಚೂ ಕಡಿಮೆ.

ಬ್ರೇಕಿನಿಂದ ಶುರು ಮಾಡು. ಬ್ರೇಕ್ ಎಣ್ಣೆ ಗಾಳಿಯಿಂದ ನೀರು ಹೀರಿಕೊಳ್ಳುವ ಗುಣದ್ದು. ಹೊಸ ಡಾಟ್ 3 ಎಣ್ಣೆ 205 ಡಿಗ್ರಿಯವರೆಗೆ ಕುದಿಯುವುದಿಲ್ಲ, ನೀರು ಹೀರಿದ್ದು 140ಕ್ಕೇ ಕುದಿಯಬಹುದು. ಇದನ್ನು ಎಲ್ಲಮ್ಮನಗುಡ್ಡದ ಇಳಿಜಾರಿಗೆ ಹಚ್ಚಿ ಯೋಚಿಸು. ಜಾತ್ರೆಯ ದಿನ, ಗಾಡಿ ತುಂಬ ಮಂದಿ, ಮುಂದೆ ಟ್ರ್ಯಾಕ್ಟರು, ಚಕ್ಕಡಿ, ನಡೆದು ಬರುವ ಭಕ್ತರು. ಕೆಳಗೆ ಬರುವ ತನಕ ಪೆಡಲ್ ಮೇಲೇ ಕಾಲು. ಎಣ್ಣೆ ಕುದಿದು ಗುಳ್ಳೆಯಾದರೆ ಪೆಡಲ್ ತಳಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಗಾಡಿ ಮನೆಗೆ ಬಂದ ವಾರವೇ ಹಳೆ ಎಣ್ಣೆ ಪೂರ್ತಿ ತೆಗೆದು ಹೊಸದು ಹಾಕಿ, ನಾಲ್ಕೂ ಗಾಲಿಯ ಬ್ರೇಕಿನೊಳಗೆ ಸೇರಿದ ಗಾಳಿ ತೆಗೆ. ಹಿಂದಿನ ಡ್ರಮ್ ಬಿಚ್ಚಿ ಸಿಲಿಂಡರ್ ಸೋರುತ್ತಿದೆಯೇ ನೋಡು. ಡ್ರಮ್ಮಿನೊಳಗಿನ ಧೂಳನ್ನು ಬಾಯಿಂದ ಊದಬೇಡ, ಅದು ಎದೆಗೆ ಕೆಟ್ಟದ್ದು, ಒದ್ದೆ ಬಟ್ಟೆಯಿಂದ ಒರೆಸು. ಮುಂದಿನ ರಬ್ಬರ್ ಪೈಪುಗಳನ್ನು ಬಗ್ಗಿಸಿ ನೋಡು, ಬಿರುಕು ಕಂಡರೆ ಬದಲಿಸು. ಆಮೇಲೂ ಗುಡ್ಡ ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿ.

ಅಮೆರಿಕದಲ್ಲಿ 2006ರಿಂದ ಲೆಮನ್ಸ್ ಅನ್ನುವ ಹೆಸರಿನ ಒಂದು ರೇಸು ನಡೆಯುತ್ತದೆ. ಬಡವರ ರೇಸು. ಗಾಡಿಗೆ 500 ಡಾಲರಿಗಿಂತ ಹೆಚ್ಚು ಖರ್ಚು ಮಾಡಿರಬಾರದು ಅನ್ನುವುದು ಅಲ್ಲಿಯ ನಿಯಮ. ಆದರೆ ಬ್ರೇಕು, ಟೈರು, ಚಾಲಕನ ಸೀಟು, ಒಳಗಿನ ರಕ್ಷಣಾ ಪಂಜರ ಇವುಗಳ ಖರ್ಚನ್ನು ಆ 500ರಲ್ಲಿ ಹಿಡಿಯುವುದಿಲ್ಲ. ಜೀವ ಉಳಿಸುವ ಸಾಮಾನಿನಲ್ಲಿ ಯಾರೂ ಉಳಿತಾಯ ಮಾಡಬಾರದು ಅಂತ ಹಾಗೆ ಬರೆದಿಟ್ಟಿದ್ದಾರೆ. ನಿನ್ನ ಲೆಕ್ಕದ ಪುಸ್ತಕದಲ್ಲೂ ಅದೇ ನಿಯಮ ಇರಲಿ. ನಿನ್ನ ಗಾಡಿಯಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಎದೆಯ ಮುಂದೆ ಇರುವುದು ಗೇಣುದ್ದ ತಗಡು. ಅರವತ್ತರ ವೇಗದಿಂದ ಎಂಬತ್ತಕ್ಕೆ ಏರಿದರೆ ಬ್ರೇಕು ನುಂಗಬೇಕಾದ ಶಕ್ತಿ ಸುಮಾರು ಒಂದೂಮುಕ್ಕಾಲು ಪಟ್ಟಾಗುತ್ತದೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಅಂತಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಹಲ್ಲು ಎಷ್ಟೇ ಚೆನ್ನಾಗಿದ್ದರೂ ವಯಸ್ಸಾದ ರಬ್ಬರ್ ನಮ್ಮ ಏಪ್ರಿಲ್ ಬಿಸಿಲಿನ ಡಾಂಬರಿನ ಮೇಲೆ ಸಿಡಿಯುತ್ತದೆ. ಗುಜರಿಯಿಂದ ಚೆಂದದ ಗಾಲಿಯ ಜೊತೆ ಬಂದ ಟೈರನ್ನು ಈ ಅಂಕಿ ನೋಡದೆ ಹಾಕಬೇಡ. ದೊಡ್ಡ ಗಾಲಿಯ ಆಸೆ ಎಲ್ಲರಿಗೂ ಇರುತ್ತದೆ, ಅದಕ್ಕೆ ಒಂದು ಲೆಕ್ಕ ಹೇಳುತ್ತೇನೆ. 800ಕ್ಕೆ ಬರುವುದು 145/70 ಆರ್ 12, ಅದರ ಹೊರಗಿನ ವ್ಯಾಸ ಸುಮಾರು 508 ಮಿಲಿಮೀಟರ್. 145/70 ಆರ್ 13 ಹಾಕಿದರೆ 533. ಅಂದರೆ ನೂರಕ್ಕೆ ಐದು ದೊಡ್ಡದು. ಸ್ಪೀಡೋಮೀಟರ್ 60 ತೋರಿಸುವಾಗ ನೀನು 63ರಲ್ಲಿರುತ್ತೀ. ಪ್ರತಿ ಗೇರೂ ಅಷ್ಟೇ ಉದ್ದವಾಗುತ್ತದೆ, 37 ಅಶ್ವಶಕ್ತಿಯ ಇಂಜಿನ್ ಗುಡ್ಡ ಹತ್ತುವಾಗ ಅದರ ಭಾರ ತಿಳಿಯುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಒಳಗೆ ಉಜ್ಜುತ್ತದೋ ಅದನ್ನೂ ನೋಡಬೇಕು. ನನ್ನ ಕೇಳಿದರೆ, ಮೂಲ ಅಳತೆಯಲ್ಲೇ ನಾಲ್ಕು ಹೊಸ ಟೈರು ಹಾಕು, ಅಲೈನ್‌ಮೆಂಟ್ ಮಾಡಿಸು. ಧಾರವಾಡದ ತನಕ ಒಂದು ಸಲ ಹೋಗಿ ಬಾ. ಇನಾಮಹೊಂಗಲ ದಾಟುವಷ್ಟರಲ್ಲೇ ಇದು ಬೇರೆ ಗಾಡಿ ಅನಿಸುತ್ತದೆ.

ಸಸ್ಪೆನ್ಷನ್ ತಗ್ಗಿಸಲು ಸ್ಪ್ರಿಂಗ್ ಕೊಯ್ಯುವವರ ಮಾತು ಕೇಳಬೇಡ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಡುಸಾಗುತ್ತದೆ, ಗಾಲಿ ತಗ್ಗಿಗೆ ಇಳಿದಾಗ ತನ್ನ ಜಾಗದಿಂದ ಹಾರಿಬೀಳಲೂಬಹುದು. ಹಳ್ಳಿಗೊಂದರಂತೆ ಇರುವ ನಮ್ಮ ಸ್ಪೀಡ್ ಬ್ರೇಕರಿಗೆ ಅಂಥ ಗಾಡಿಯ ಹೊಟ್ಟೆ ದಿನಾ ತಾಗುತ್ತದೆ. ಅದೇ ರೊಕ್ಕದಲ್ಲಿ ಶಾಕ್ ಅಬ್ಸಾರ್ಬರು, ಬುಷ್ಷು, ಬಾಲ್ ಜಾಯಿಂಟ್ ಹೊಸದು ಹಾಕಿಸು.

ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆ ರಾತ್ರಿ ಹೇಗಿರುತ್ತದೆ ಅಂತ ನಿನಗೆ ಹೇಳಬೇಕಿಲ್ಲ. ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರು, ಹಿಂದೆ ದೀಪವಿಲ್ಲ, ಕಬ್ಬಿನ ತುದಿ ಮಾರುದ್ದ ಹೊರಗೆ. ಎದುರಿನ ಗಾಡಿಯ ಬೆಳಕಿಗೆ ಕಣ್ಣು ಕುಕ್ಕಿದ ಆ ಒಂದು ಗಳಿಗೆಯಲ್ಲಿ ಟ್ರಾಲಿ ಕಾಣುವುದೇ ಇಲ್ಲ. ಅದಕ್ಕೆ ನಿನ್ನ ದೀಪಕ್ಕೆ ಖರ್ಚು ಮಾಡು ಅನ್ನುತ್ತೇನೆ, ಆದರೆ ತಿಳಿದು ಮಾಡು. ಅಂಗಡಿಯವನು 100/90 ವ್ಯಾಟಿನ ಬಲ್ಬು ಕೊಡಲು ಬರುತ್ತಾನೆ. ಮೂಲ ಬಲ್ಬು 60/55. ಹೈ ಬೀಮಿನಲ್ಲಿ ಎರಡೂ ಸೇರಿ 120 ವ್ಯಾಟು, 12 ವೋಲ್ಟಿಗೆ 10 ಆಂಪಿಯರ್. ನೂರರ ಎರಡು ಬಲ್ಬು ಹಾಕಿದರೆ ಹತ್ತಿರಹತ್ತಿರ 17 ಆಂಪಿಯರ್. ವೈರಿನಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗದಷ್ಟು ಏರುತ್ತದೆ, ಹಾಗಾಗಿ ಅದು ಸುಮಾರು ಎರಡೂಮುಕ್ಕಾಲು ಪಟ್ಟು. ಇಪ್ಪತ್ತು ವರ್ಷದ ವೈರು, ಸ್ವಿಚ್ಚು, ಹೋಲ್ಡರು ಅದನ್ನು ತಡೆಯುವುದಿಲ್ಲ, ಕರಗುತ್ತವೆ. ಅಂಥ ಬಲ್ಬಿಗೆ ಕಾನೂನಿನ ಒಪ್ಪಿಗೆಯೂ ಇಲ್ಲ. ನೀನು ಮೂಲ ವ್ಯಾಟಿನ ಒಳ್ಳೆಯ ಬಲ್ಬನ್ನೇ ಹಾಕು. ಬ್ಯಾಟರಿಯಿಂದ ಫ್ಯೂಸು, ರಿಲೇ ಮೂಲಕ ದಪ್ಪ ವೈರು ಎಳೆ, ಅರ್ತಿಂಗ್ ಜಾಗವನ್ನು ತಗಡು ಹೊಳೆಯುವಂತೆ ಉಜ್ಜು, ಒಳಗೆ ಮಸಿ ಹಿಡಿದ ರಿಫ್ಲೆಕ್ಟರ್ ಇದ್ದರೆ ದೀಪದ ಡೂಮನ್ನೇ ಬದಲಿಸು. ಹಳೆಯ ಗಾಡಿಯಲ್ಲಿ ಬಲ್ಬಿಗೆ ತಲುಪುವ ಮೊದಲೇ ವೋಲ್ಟೇಜು ಇಳಿದಿರುತ್ತದೆ. ಆ ಇಳಿಕೆ ತಪ್ಪಿಸಿದರೆ ಅದೇ ಬಲ್ಬು ಬೆಳ್ಳಗೆ ಉರಿಯುತ್ತದೆ. ಹಿಂದಿನ ಬಂಪರಿಗೆ ಒಂದೆರಡು ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸು, ಅದಕ್ಕೆ ಚಹಾ ಕುಡಿದಷ್ಟೂ ಖರ್ಚಿಲ್ಲ. ಒಂದು ಪಟ್ಟಿ ಜಾಸ್ತಿ ತಂದು ನಿಮ್ಮ ಟ್ರಾಲಿಗೂ ಅಂಟಿಸು.

ಕಬ್ಬಿನ ಮಾತು ಬಂತು, ಪೆಟ್ರೋಲಿನದೂ ಹೇಳಿಬಿಡುತ್ತೇನೆ. ಮುನವಳ್ಳಿಯ ರೇಣುಕಾ ಶುಗರ್ಸ್ ಕಾರ್ಖಾನೆಯಲ್ಲಿ ಕಬ್ಬಿನಿಂದ ಎಥನಾಲ್ ಆಗುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ನಮ್ಮ ರೈತರ ಬೆಳೆಗೆ ಅದರಿಂದ ಒಂದು ದಾರಿಯಾಯಿತು, ಸಂತೋಷ. ಆದರೆ ನಿನ್ನ 800ನ್ನು ಕಟ್ಟಿದಾಗ ಇಂಥ ಪೆಟ್ರೋಲನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಳೆಯ ರಬ್ಬರ್ ಪೈಪು, ವಾಷರು ಅದರಲ್ಲಿ ಉಬ್ಬಿ ಬಿರಿಯಬಹುದು. ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂತ ಕೊಳೆಯನ್ನು ಎಥನಾಲ್ ಸಡಿಲಿಸಿ ಫಿಲ್ಟರಿಗೆ ತರುತ್ತದೆ. ನೀರನ್ನೂ ಹೀರುತ್ತದೆ. ಆದ್ದರಿಂದ ಟ್ಯಾಂಕಿನಿಂದ ಇಂಜಿನ್ ತನಕದ ಎಲ್ಲ ಪೆಟ್ರೋಲ್ ಪೈಪನ್ನೂ ಎಥನಾಲ್ ತಡೆಯುವ ಹೊಸ ಪೈಪಿಗೆ ಬದಲಿಸು, ಕ್ಲಿಪ್ಪು ಹೊಸದಿರಲಿ, ಫಿಲ್ಟರನ್ನು ಮೊದಲ ಕೆಲವು ತಿಂಗಳಲ್ಲೇ ಇನ್ನೊಮ್ಮೆ ಬದಲಿಸು. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಹನಿಯುವುದು ಗಾಡಿ ಸುಡುವ ದಾರಿ. ವಾರಕ್ಕೊಮ್ಮೆಯಾದರೂ ಗಾಡಿ ಓಡಿಸು, ತಿಂಗಳುಗಟ್ಟಲೆ ನಿಲ್ಲಿಸಬೇಡ.

ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕಬೇಡ. ನಮ್ಮ ಸವಳು ನೀರಿನಿಂದ ಮನೆಯ ಬಾಯ್ಲರಿನಲ್ಲಿ ಎಷ್ಟು ಬಿಳಿ ಪದರ ಕೂರುತ್ತದೆ ನೋಡಿದ್ದೀಯಲ್ಲ, ಅದೇ ಪದರ ರೇಡಿಯೇಟರಿನ ಸಣ್ಣ ನಳಿಕೆಯಲ್ಲೂ ಕೂರುತ್ತದೆ. ಶುದ್ಧ ನೀರಿಗೆ ಕೂಲೆಂಟ್ ಬೆರೆಸಿ ಹಾಕು. ಗಾಡಿ ಬಿಸಿಯಾಗುತ್ತದೆ ಅಂತ ಥರ್ಮೋಸ್ಟಾಟ್ ಕಿತ್ತುಹಾಕುವ ರೂಢಿ ನಮ್ಮ ಕಡೆ ಇದೆ. ಅದು ತಪ್ಪು. ಇಂಜಿನ್ ತನ್ನ ಸರಿಯಾದ ಬಿಸಿಗೆ ಬರದಿದ್ದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಬಿಸಿಯಾಗುವ ಕಾರಣ ಹುಡುಕಿ ಅದನ್ನೇ ಸರಿಮಾಡು. ಶಂಕುವಿನ ಆಕಾರದ ತೆರೆದ ಏರ್ ಫಿಲ್ಟರ್ ಹಾಕಿಸುವ ಆಸೆಯೂ ಬಿಡು. ಅದು ಬಾನೆಟ್ಟಿನೊಳಗಿನ ಬಿಸಿ ಗಾಳಿ ಕುಡಿಯುತ್ತದೆ, ಎರೆಹೊಲದ ಬದಿ ಹೋಗುವಾಗ ಧೂಳನ್ನು ಮೂಲ ಡಬ್ಬಿಯಷ್ಟು ತಡೆಯುವುದಿಲ್ಲ. ಆ ಧೂಳು ಸಿಲಿಂಡರಿನ ಗೋಡೆಯನ್ನು ಉಜ್ಜಿ ತಿನ್ನುತ್ತದೆ. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು ಅಂತ ಹಳೆ ಮಾಲೀಕನಿಗೆ ಗೊತ್ತಿಲ್ಲದಿದ್ದರೆ ಹೊಸದು ಹಾಕಿ ತಾರೀಖು ಬರೆದಿಡು.

ಕೆಲಸ ಮಾಡುವ ರೀತಿಯ ಬಗ್ಗೆ ಹೇಳಬೇಕಾದದ್ದು ಇದೆ, ಇದನ್ನು ಮನಸ್ಸಿಟ್ಟು ಕೇಳು. ಗಾಡಿಯನ್ನು ಒಂದೇ ಸಲ ಪೂರ್ತಿ ಬಿಚ್ಚಬೇಡ. ಶನಿವಾರ ಬಿಚ್ಚಿದ್ದು ಭಾನುವಾರ ಸಂಜೆಗೆ ಜೋಡಿಸಿ ಓಡಬೇಕು, ಅಷ್ಟೇ ದೊಡ್ಡ ಕೆಲಸ ಕೈಗೆ ತೊಗೋ. ಈ ವಾರ ಬ್ರೇಕು, ಮುಂದಿನ ವಾರ ರೇಡಿಯೇಟರು. ಓಡುವ ಗಾಡಿಯ ಮೇಲೆ ಆಸಕ್ತಿ ಉಳಿಯುತ್ತದೆ. ಬಿಚ್ಚಿ ಹರವಿದ ಗಾಡಿಯ ಮೇಲೆ ಮೊದಲು ಕೋಳಿ ಕೂರುತ್ತದೆ, ಆಮೇಲೆ ಗುಜರಿಯವನು ಬರುತ್ತಾನೆ. ಏಕಕಾಲಕ್ಕೆ ಎರಡು ಬದಲಾವಣೆಯನ್ನೂ ಮಾಡಬೇಡ. ಪ್ಲಗ್ಗು, ಫಿಲ್ಟರು, ಪೈಪು ಎಲ್ಲ ಒಟ್ಟಿಗೆ ಬದಲಿಸಿದ ಮೇಲೆ ಗಾಡಿ ಜರ್ಕ್ ಹೊಡೆದರೆ ಯಾವುದರಿಂದ ಅಂತ ಹೇಗೆ ತಿಳಿಯುತ್ತೀ? ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆ, ಬೋಲ್ಟುಗಳನ್ನು ಬೇರೆಬೇರೆ ಡಬ್ಬಿಗೆ ಹಾಕಿ ಚೀಟಿ ಅಂಟಿಸು, ತಾರೀಖು, ಕಿಲೋಮೀಟರು, ಖರ್ಚು ಮೂರನ್ನೂ ನೋಟ್‌ಬುಕ್ಕಿನಲ್ಲಿ ಬರೆ.

ಹತ್ತಿರದ ಒಬ್ಬ ಹಳೆಯ ಮೆಕ್ಯಾನಿಕ್ಕನ್ನು ಗುರು ಮಾಡಿಕೋ. ಹೋಗಿ ಕೂರು, ಕೇಳಿದ ಪಾನಾ ಎತ್ತಿಕೊಡು, ಮಾತು ಕಡಿಮೆ ಮಾಡು. ನಮ್ಮ ಟ್ರ್ಯಾಕ್ಟರ್ ಫಿಟ್ಟರುಗಳ ಕಿವಿ ದೊಡ್ಡ ಆಸ್ತಿ. ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿಕೆ ಕಿವಿಗೆ ಹಚ್ಚಿ ಯಾವ ಬೇರಿಂಗ್ ಹೋಗಿದೆ ಅಂತ ಹೇಳುವವರು ಇದ್ದಾರೆ. ಅವರ ಸಮಯಕ್ಕೆ ಬೆಲೆ ಕೊಡು, ಪುಕ್ಕಟೆ ಕೆಲಸ ಮಾಡಿಸಿಕೊಳ್ಳಬೇಡ. ಊರಲ್ಲಿ ಆಗದ ಲೇಥ್ ಕೆಲಸ, ಬೋರಿಂಗ್, ಹೆಡ್ ಫೇಸಿಂಗ್ ಇದ್ದರೆ ಬೆಳಗಾವಿಯ ಉದ್ಯಮಬಾಗಕ್ಕೆ ಒಯ್ಯಿ. ಎರಕ ಮತ್ತು ಯಂತ್ರದ ಕೆಲಸದಲ್ಲಿ ಪಳಗಿದ ಕೈಗಳು ಅಲ್ಲಿವೆ. ಸವದತ್ತಿಗೆ ರೈಲಿಲ್ಲ, ಧಾರವಾಡ, ಹುಬ್ಬಳ್ಳಿಯಿಂದ ಸಾಮಾನು ಬರುವುದು ಬಸ್ಸಿನಲ್ಲೇ. ಅದಕ್ಕೆ ಗಾಡಿ ಬಿಚ್ಚುವ ಮೊದಲೇ ಸಾಮಾನು ತರಿಸಿ ಇಟ್ಟುಕೋ. ಹಳೆಯ ಭಾಗ ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗು, ಅಳತೆ ಹಚ್ಚಿ ನೋಡಿ ತಾ. ಬ್ರೇಕು, ಸ್ಟೀರಿಂಗ್, ಪೆಟ್ರೋಲ್ ಸಂಬಂಧಪಟ್ಟದ್ದು ಕಂಪನಿಯದ್ದೇ ಹೊಸದು. ಬಾಗಿಲ ಹಿಡಿಕೆ, ಸೀಟಿನ ಹಳಿ, ಕನ್ನಡಿ, ಡೂಮು ಗುಜರಿಯಿಂದ ತಂದರೂ ನಡೆಯುತ್ತದೆ.

ಇಂಜಿನಿಯರಿಂಗ್ ಕಾಲೇಜಿನ ಹುಡುಗರು 2007ರಿಂದ ನಮ್ಮ ದೇಶದಲ್ಲಿ ಬಾಹಾ ಅನ್ನುವ ಸ್ಪರ್ಧೆಗೆ ತಾವೇ ಗಾಡಿ ಕಟ್ಟಿ ಓಡಿಸುತ್ತಾರೆ. ಅಲ್ಲಿ ಪೆಟ್ರೋಲ್ ಗಾಡಿಯ ತಂಡಗಳಿಗೆಲ್ಲ ಒಂದೇ ಇಂಜಿನ್, ಹತ್ತು ಅಶ್ವಶಕ್ತಿಯದು, ಅದನ್ನು ಯಾರೂ ಮುಟ್ಟುವಂತಿಲ್ಲ. ಮಣ್ಣು, ತಗ್ಗು, ಬಂಡೆಯ ದಾರಿಯಲ್ಲಿ ನಾಲ್ಕು ತಾಸು ಓಡಿ ಉಳಿಯುವುದು ಕೊನೆಯ ಪರೀಕ್ಷೆ. ಅಲ್ಲಿ ತಂಡ ಗೆಲ್ಲುವುದು ಹಗುರತನ, ಸಸ್ಪೆನ್ಷನ್, ಸರಿಯಾಗಿ ಬಿಗಿದ ಬೋಲ್ಟುಗಳಿಂದ. ನಿನ್ನ ಗಾಡಿಯಲ್ಲೂ ಹಗುರತನಕ್ಕೆ ರೊಕ್ಕ ಬೇಕಿಲ್ಲ. ಡಿಕ್ಕಿಯ ಹಳೆ ಕಬ್ಬಿಣ, ಕಿತ್ತುಹೋದ ಸ್ಪೀಕರ್ ಪೆಟ್ಟಿಗೆ, ನೀರು ಕುಡಿದ ಕಾರ್ಪೆಟ್ ಇವೆಲ್ಲ ಇಳಿಸಿ ನೋಡು. ಆರುನೂರೈವತ್ತು ಕಿಲೋದ ಗಾಡಿಯಲ್ಲಿ ಮೂವತ್ತು ಕಿಲೋ ಇಳಿದರೆ ಕಾಲಿಗೇ ಗೊತ್ತಾಗುತ್ತದೆ. ಸ್ಟೆಪ್ನಿ, ಜಾಕು, ಸೀಟ್ ಬೆಲ್ಟು ಮಾತ್ರ ಇಳಿಸಬೇಡ.

ಎರಡಾಣೆಯ ಆಸೆಗೆ ಏನು ಮಾಡಲಿ ಅಂತ ಕೇಳಿದರೆ, ಎರಡನೇ ವರ್ಷ ಸೀಟು ಮಾಡಿಸು. ದಿನಾ ಬೆನ್ನಿಗೆ ತಾಗುವುದು ಅದು. ಒಳ್ಳೆಯ ಫೋಮು, ಗಟ್ಟಿ ಹೊಲಿಗೆ, ಬಿಸಿಲಿಗೆ ಸುಡದ ಬಟ್ಟೆ. ಆಮೇಲೆ ಬಣ್ಣ. ಬೇರೆ ಬಣ್ಣ ಹೊಡೆಸಿದರೆ ಆರ್‌ಸಿಯಲ್ಲಿ ಬದಲಿಸಿಕೋ, ಹಳೆಯದೇ ಬಣ್ಣವಾದರೆ ಆ ತಾಪತ್ರಯವಿಲ್ಲ. ಬಣ್ಣದ ಚೆಲುವು ಕೆಳಗಿನ ಕೆಲಸದಲ್ಲಿದೆ, ಅದಕ್ಕೆ ಜಂಗು ಕೆರೆಯುವುದು, ಪ್ರೈಮರ್ ಹಚ್ಚುವುದು, ನೀರು ಹಾಕಿ ಉಜ್ಜುವುದನ್ನು ನೀನೇ ಮಾಡು, ಕೊನೆಯ ಕೈ ಮಾತ್ರ ಪೇಂಟರಿಗೆ ಬಿಡು. ಸೈಲೆನ್ಸರ್ ಮೂಲದ್ದೇ ಇರಲಿ. ನಿನ್ನ ಓಣಿಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ, ನಿದ್ದೆ ಹತ್ತದ ಮುದುಕರಿದ್ದಾರೆ.

ಇನ್ನೊಂದೇ ವಿಷಯ, ಎಲ್ಲಕ್ಕಿಂತ ಮುಖ್ಯವಾದದ್ದು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಒಂದು ಗಳಿಗೆಯೂ ಹೋಗಬೇಡ. ಜಾಕಿನ ವಾಷರ್ ಹೋದರೆ ಅದು ಹೇಳಿ ಇಳಿಯುವುದಿಲ್ಲ. ಕಲ್ಲು, ಇಟ್ಟಂಗಿ ಇಡುವ ರೂಢಿ ಬಿಡು, ಇಟ್ಟಂಗಿ ಒಮ್ಮೆಲೇ ಪುಡಿಯಾಗುತ್ತದೆ. ಎರೆಮಣ್ಣಿನ ಅಂಗಳ ಮೇಲೆ ಗಟ್ಟಿ ಕಂಡರೂ ಮಳೆಯ ಮರುದಿನ ಜಾಕು ಓರೆಯಾಗಿ ಇಳಿಯುತ್ತದೆ, ಅದಕ್ಕೆ ಕಾಂಕ್ರೀಟ್ ನೆಲವನ್ನೇ ಹುಡುಕು. ಉಳಿದ ಗಾಲಿಗೆ ಹಿಂದೆ ಮುಂದೆ ಕಟ್ಟಿಗೆ ತುಂಡು ಕೊಡು. ಎತ್ತಿದ ಮೇಲೆ ಕಬ್ಬಿಣದ ಸ್ಟ್ಯಾಂಡ್ ಮೇಲೆ ಭಾರ ಕೂರಿಸಿ, ಕೈಯಿಂದ ಗಾಡಿಯನ್ನು ಜೋರಾಗಿ ಅಲ್ಲಾಡಿಸಿ ನೋಡಿ, ಆಮೇಲೆ ಕೆಳಗೆ ಹೋಗು. ಮನೆಯಲ್ಲಿ ಯಾರೂ ಇಲ್ಲದಾಗ ಆ ಕೆಲಸವೇ ಬೇಡ. ನನ್ನ ಹತ್ತಿರ ಒಂದು ಜೋಡಿ ಸ್ಟ್ಯಾಂಡ್ ಇವೆ, ಟ್ರ್ಯಾಕ್ಟರಿನ ಭಾರ ತಡೆಯುವಂಥವು. ಹಿಂದಿನ ಡ್ರಮ್ ಬಿಚ್ಚುವ ಭಾನುವಾರ ಯಾವುದು ಅಂತ ಹೇಳಿ ಕಳಿಸು, ಮುಂಜಾನೆ ಏಳಕ್ಕೇ ತೊಗೊಂಡು ಬರುತ್ತೇನೆ. ಬ್ರೇಕ್ ಎಣ್ಣೆಯ ಡಬ್ಬಿ ಸೀಲ್ ಒಡೆಯದೆ ಇಟ್ಟಿರು.